ಮದುವೆ ಮನೆಗೆ ಬಿಳಿ ತೋಟ

ಚಾಮರಾಜಪುರಂ, ಮೈಸೂರು
೬ ಡಿಸೆಂಬರ್ ೧೯೫೮

ಚಿ. ಪ್ರೇಮಲೀಲಾಗೆ ಅವ್ವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಿನ್ನ ಪಟ್ಟಿ ಕೈಗೆ ಬಂದ ಮೇಲೆ ನಾನು ಕ್ಷೇಮವಾಗಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಮದುವೆ ಮೇ ಹದಿನಾಲ್ಕಕ್ಕೆ ಗೊತ್ತಾಯಿತು, ಮನೆ ಮುಂದೆಯೇ ಚಪ್ಪರ, ಸಂಜೆಯ ಆರತಕ್ಷತೆ ಪಕ್ಕದ ಅಂಗಳದಲ್ಲಿ ಎಂದೂ ಆಯಿತು. ಆ ಅಂಗಳದಲ್ಲಿ ಹೂವಿನ ಪಾತಿ ಮಾಡಿಸು ಎಂದು ನೀನು ಬರೆದೆ. ಸಂತೋಷ ಎಂದುಕೊಂಡೆ. ಈಗ ಪಟ್ಟಿ ನೋಡಿದರೆ: ನಂದಿಬಟ್ಟಲು, ಮಲ್ಲಿಗೆ, ಸುಗಂಧರಾಜ, ಬಿಳಿ ಕಾಶಿಕಣಗಿಲೆ, ಬಿಳಿ ಜಿನಿಯಾ, ಬಿಳಿ ದಾಸವಾಳ. ದಾಸವಾಳಕ್ಕೂ ಬಿಳಿಯೇ ಬೇಕೆ? ಕೊನೆಗೆ ದವನವಂತೆ, ಅದರ ಎಲೆ ಬೂದಿ ಬಣ್ಣವಂತೆ. ಒಂದು ಕೆಂಪು ಇಲ್ಲ, ಒಂದು ಹಳದಿ ಇಲ್ಲ. ಬೆಂಗಳೂರಿನ ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂ ಬರೆದ ಪಟ್ಟಿ ಎಂದು ಎರಡು ಸಲ ಓದಿದೆ. ಎರಡನೇ ಸಲವೂ ಬಿಳಿಯೇ ಇತ್ತು.

ಮೇಟಗಳ್ಳಿಯ ಚಿಕ್ಕಯ್ಯನನ್ನು ಕರೆಸಿ ಓದಿ ಹೇಳಿದೆ. ಮೂವತ್ತು ವರ್ಷ ಕಂಡವರ ತೋಟದಲ್ಲಿ ಕೆಲಸ ಮಾಡಿದವನು. ತಲೆ ಕೆರೆದುಕೊಂಡು, “ಅವ್ವಾ, ಇದು ಮದ್ವೆಗಾ?” ಎಂದ. ಹೌದು ಎಂದೆ. “ಯಾರ್ ಮದ್ವೆಗೆ?” ಎಂದ.

ನಿಮ್ಮಪ್ಪ ಹೋದ ಒಂಬತ್ತು ವರ್ಷದಲ್ಲಿ ಈ ಮನೆಯ ಮೊದಲ ಶುಭಕಾರ್ಯ ಇದು. ಬಣ್ಣ ಬಣ್ಣವಾಗಿರಲಿ ಎಂದು ನನಗೂ ಆಸೆ ಇರುವುದಿಲ್ಲವೇ? ಕಾರಣ ಬರೆ. ಇಲ್ಲದಿದ್ದರೆ ಪಟ್ಟಿ ಬದಲಿಸು.

ನಿನ್ನ ಅವ್ವ,
ಮಹದೇವಮ್ಮ


ಬಸವನಗುಡಿ, ಬೆಂಗಳೂರು
೧೫ ಡಿಸೆಂಬರ್ ೧೯೫೮

ಅವ್ವನಿಗೆ ನಮಸ್ಕಾರಗಳು.

ಕಾರಣ ಬೇಕೆಂದೆ, ಬರೆಯುತ್ತೇನೆ. ಆರತಕ್ಷತೆ ಸಂಜೆ ಆರರ ಮೇಲೆ. ಹೊತ್ತು ಮುಳುಗುತ್ತಿದ್ದ ಹಾಗೆ ಕೆಂಪು ಹೂ ಮೊದಲು ಕಪ್ಪಾಗುತ್ತದೆ, ಆಮೇಲೆ ನೇರಳೆ ಹೋಗುತ್ತದೆ. ಬಿಳಿ ಮಾತ್ರ ಕೊನೆಯವರೆಗೂ ಇರುತ್ತದೆ, ಹಗಲಿಗಿಂತ ಹೆಚ್ಚೇ ಕಾಣುತ್ತದೆ. ನಮ್ಮದು ಹನ್ನೆರಡು ಅಡಿ ಅಗಲದ ಅಂಗಳ. ಅಷ್ಟರೊಳಗೆ ಏಳು ಬಣ್ಣ ತುರುಕಿದರೆ ಸಂತೆಯಾಗುತ್ತದೆ. ಒಂದೇ ಬಣ್ಣವಾದರೆ ಜಾಗ ದೊಡ್ಡದಾಗಿ ಕಾಣುತ್ತದೆ.

ಬಿಳಿಯೆಂದರೆ ಎಲ್ಲ ಒಂದೇ ಎಂದುಕೊಳ್ಳಬೇಡ. ನಂದಿಬಟ್ಟಲು ಹಾಲಿನ ಬಿಳಿ. ಸುಗಂಧರಾಜದಲ್ಲಿ ಒಂದು ಚೂರು ಹಸಿರಿದೆ. ಮಲ್ಲಿಗೆ ಮಾರನೆಯ ದಿನ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ಇವನ್ನು ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದನ್ನು ಕೊಳೆಯಾಗಿ ತೋರಿಸುತ್ತದೆ. ನಡುವೆ ಹಸಿರು ಬಿಡಬೇಕು, ದವನ ಅದಕ್ಕೇ. ಮುಖ್ಯವಾದ ಮಾತು: ಸುಣ್ಣದ ಕಾಂಪೌಂಡಿಗೆ ಅಂಟಿಸಿ ಏನನ್ನೂ ನೆಡಿಸಬೇಡ. ಬಿಳಿ ಗೋಡೆಯ ಮುಂದೆ ಬಿಳಿ ಹೂ ಇದ್ದೂ ಇಲ್ಲದ ಹಾಗೆ. ಜಿನಿಯಾ ಬೀಜವನ್ನು ಮಾರ್ಚಿಗೆ ಮೊದಲು ಬಿತ್ತಿಸಬೇಡ, ಮದುವೆಗೆ ಮುಂಚೆಯೇ ಮುಗಿದುಹೋಗುತ್ತದೆ.

ಪಟ್ಟಿ ಬದಲಿಸುವುದಿಲ್ಲ.

ಪ್ರೇಮಲೀಲಾ


ಚಾಮರಾಜಪುರಂ
೨ ಫೆಬ್ರವರಿ ೧೯೫೯

ಚಿ. ಪ್ರೇಮಲೀಲಾಗೆ ಆಶೀರ್ವಾದ.

ನೀನು ಮಾಡಬೇಡ ಎಂದದ್ದೆಲ್ಲ ಆಗಿದೆ.

ನಾನು ಮೂರು ದಿನ ನಂಜನಗೂಡಿಗೆ ಹೋಗಿ ಬರುವಷ್ಟರಲ್ಲಿ ಚಿಕ್ಕಯ್ಯ ನಂದಿಬಟ್ಟಲಿನ ಒಂಬತ್ತು ಗಿಡವನ್ನೂ ಸುಣ್ಣದ ಗೋಡೆಯ ಬುಡಕ್ಕೆ ಸಾಲಾಗಿ ನೆಟ್ಟುಬಿಟ್ಟಿದ್ದಾನೆ. ಜಿನಿಯಾವನ್ನೂ ಬಿತ್ತಿದ್ದಾನೆ. ಕೇಳಿದರೆ, “ಬೀಜ ಪೊಟ್ಟಣದಾಗೆ ಮಡಗಿದ್ರೆ ಉಸಿರು ಕಟ್ಟೋಯ್ತದೆ ಕಣವ್ವಾ” ಎನ್ನುತ್ತಾನೆ. ಇವನಿಗೆ ಬೈದು ಬೈದು ನನಗೇ ಉಸಿರು ಕಟ್ಟಿತು. ಗಿಡಗಳು ಬೇರು ಹಿಡಿದಿವೆ, ಈಗ ಕಿತ್ತರೆ ಸಾಯುತ್ತವೆ ಅಂತ. ನೀನು ಹೇಳಿದ್ದು ನಿಜ, ಗೋಡೆಯ ಮುಂದೆ ಹೂ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹತ್ತಿರ ಹೋಗಿ ಹುಡುಕಬೇಕು.

ಚೂಡಾಮಣಿ ಅಕ್ಕ ಬಂದಿದ್ದರು. ನಿಮ್ಮ ದೊಡ್ಡಮ್ಮನ ಬಾಯಿ ನಿನಗೆ ಗೊತ್ತಲ್ಲ. ಅಂಗಳದಲ್ಲಿ ನಿಂತು, “ಏನೇ ಮಾದೇವಮ್ಮ, ತೋಟಕ್ಕೂ ನಿನ್ ಸೀರೆನೇ ಉಡಿಸಿಬುಟ್ಟಿದ್ದೀಯಾ?” ಎಂದರು. ಚಿಕ್ಕಯ್ಯ ಅಲ್ಲೇ ಇದ್ದ. ನಾನು ಕಾಫಿ ತರುತ್ತೇನೆಂದು ಒಳಗೆ ಹೋದೆ.

ಬಿಳಿಯೂ ಒಂದು ಬಣ್ಣ ಎನ್ನುವ ಹಾಗೆ ನೀನು ಬರೆಯುತ್ತೀಯೆ. ಬಣ್ಣವೆಲ್ಲ ಹೋದ ಮೇಲೆ ಉಳಿಯುವುದು ಬಿಳಿ ಕಣೇ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿ ಕಲಿತದ್ದಲ್ಲ.

ಅವ್ವ


ಬಸವನಗುಡಿ
೯ ಫೆಬ್ರವರಿ ೧೯೫೯

ಅವ್ವ,

ನಮ್ಮ ಮನೆಯಲ್ಲಿ ಪ್ರತಿಯೊಬ್ಬರ ಹಣೆಯಲ್ಲೂ ವಿಭೂತಿ ಇದೆ. ದೊಡ್ಡಮ್ಮನ ಹಣೆಯಲ್ಲೂ ಇದೆ. ಶಿವನಿಗೆ ತುಂಬೆ ಹೂ ಏರಿಸುವಾಗ ಅವರು ಎಂದಾದರೂ ಕೆಂಪು ತುಂಬೆ ಹುಡುಕಿದ್ದಾರೆಯೇ, ಕೇಳು. ಆ ಬಿಳಿ ಮಂಗಳ, ನಮ್ಮ ಅಂಗಳದ ಬಿಳಿ ಅಮಂಗಳ, ಇದು ಯಾವ ನ್ಯಾಯ?

ಗಿಡ ಕೀಳಿಸಬೇಡ. ಗೋಡೆಯನ್ನು ಬದಲಿಸು. ಸುಣ್ಣ ಕೆರೆಸಿ ಕೆಮ್ಮಣ್ಣು ಬಳಿಸು. ಕೆಮ್ಮಣ್ಣಿನ ಮುಂದೆ ನಂದಿಬಟ್ಟಲು ಹೇಗೆ ಕಾಣುತ್ತದೆ ಎಂದು ಒಂದು ಸಂಜೆ ನಿಂತು ನೋಡು. ಮದುವೆ ಬಂತು ಎಂದು ದೊಡ್ಡಪ್ಪ ಮತ್ತೆ ಸುಣ್ಣ ಹೊಡೆಸುತ್ತೇನೆ ಎಂದರೆ ಬೇಡ ಎನ್ನು. ಎನ್ನುತ್ತೀಯೆ ತಾನೇ? ಅವರ ಮುಂದೆ ಬಾಯಿ ಬಿಡುತ್ತೀಯೆ ತಾನೇ?

ಪ್ರೇಮಲೀಲಾ


ಚಾಮರಾಜಪುರಂ
೧೮ ಮಾರ್ಚ್ ೧೯೫೯

ಚಿ. ಪ್ರೇಮಲೀಲಾಗೆ ಆಶೀರ್ವಾದ.

ಬಾಯಿ ಬಿಡಲಿಲ್ಲ. ಸಮಾಧಾನವಾಯಿತೇ?

ನಿಮ್ಮ ದೊಡ್ಡಪ್ಪ ವೃಷಭೇಂದ್ರಪ್ಪನವರು ಸೋಮವಾರ ಚಪ್ಪರದ ಅಳತೆ ನೋಡಲು ಬಂದರು. ತಂದೆಯ ಸ್ಥಾನದಲ್ಲಿ ನಿಂತು ನಿನ್ನನ್ನು ಧಾರೆ ಎರೆದು ಕೊಡುವವರು ಅವರು. ಮದುವೆಯ ಓಡಾಟವೆಲ್ಲ ಅವರದೇ. ಅವರು ಹೇಳಿದ್ದಕ್ಕೆ ನಾನು ಇಲ್ಲ ಎಂದದ್ದು ಎಂದೂ ಇಲ್ಲ. ಅಂಗಳವನ್ನೂ ಒಂದು ಸುತ್ತು ಹಾಕಿದರು. ಆಮೇಲೆ, “ಬೀಗರು ತುಮಕೂರಿಂದ ಐವತ್ತು ಜನ ಬರ್ತಾರೆ. ಬಂದವರಿಗೆ ಇದು ಯಾರ ಮನೆ ಅಂತ ಬಾಗಿಲಲ್ಲೇ ಸಾರಬೇಕಾ ಮಾದೇವಮ್ಮ?” ಎಂದರು. ಜೋರಾಗಿ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಹನ್ನೆರಡು ಕೆಂಪು ಹೂವಿನ ಕಾಬಾಳೆ ಗಡ್ಡೆ ಕಳಿಸಿದರು. ದವನವಿದ್ದ ಕಡೆ ಹಾಕಿಸಿದೆ. ಚಿಕ್ಕಯ್ಯನಿಗೆ ಪರಮಾನಂದ. “ಈಗ ನೋಡವ್ವಾ, ಮದ್ವೆ ಮನೆ ಅನ್ಬೋದು!” ಎಂದ.

ಜಿನಿಯಾ ಅರಳಿತು. ಬಿಳಿ ಎಂದು ನೀನು ಕಳಿಸಿದ ಪೊಟ್ಟಣದಲ್ಲಿ ನಾಲ್ಕು ಬಿಳಿ, ಮಿಕ್ಕದ್ದೆಲ್ಲ ಗುಲಾಬಿ, ಎರಡು ಕಿತ್ತಳೆ. ಮೂರು ತಿಂಗಳಿಂದ ನಿನ್ನ ಬಿಳಿಯ ಹಿಂದೆ ಬಿದ್ದು ನನಗೆ ಸಾಕಾಗಿಹೋಗಿದೆ. ದಿನವೂ ಬೆಳಿಗ್ಗೆ ಕಂದಿದ ಹೂ ಕೀಳಬೇಕು. ಕೆಂಪು ಹೂ ಬಾಡಿದರೆ ಕೆಂಪಾಗಿಯೇ ಬಾಡುತ್ತದೆ. ಬಿಳಿ ಬಾಡಿದರೆ ಒದ್ದೆ ಕಾಗದದ ಹಾಗೆ ಗಿಡಕ್ಕೆ ಅಂಟಿಕೊಂಡು ಊರಿಗೆಲ್ಲ ಕಾಣುತ್ತದೆ. ರಸ್ತೆಯ ಧೂಳು ಬೇರೆ. ದಾಸವಾಳದ ಎಲೆ ಎಲೆಯನ್ನೂ ನೀರಲ್ಲಿ ಒರೆಸುತ್ತಿದ್ದೇನೆ, ಇದನ್ನು ನೋಡಿದವರು ನನಗೆ ತಲೆ ಕೆಟ್ಟಿದೆ ಎನ್ನದೆ ಏನೆಂದಾರು?

ಸಂಜೆ ಬೆಳಕು, ಅಂಗಳದ ಅಗಲ, ಹಸಿರು, ಬೂದಿ, ಇದೆಲ್ಲ ಸಾಕು. ನೀನು ಚಿಕ್ಕಂದಿನಿಂದ ಕೆಂಪು ಲಂಗಕ್ಕೆ ಹಟ ಹಿಡಿದವಳು. ನಿಜವಾದ ಕಾರಣ ಬರೆಯುವ ಹಾಗಿದ್ದರೆ ಬರೆ. ಇಲ್ಲದಿದ್ದರೆ ಉಳಿದ ಪಾತಿಗೂ ಕಾಬಾಳೆ ಹಾಕಿಸಿಬಿಡುತ್ತೇನೆ.

ಅವ್ವ


ಬಸವನಗುಡಿ
೨೩ ಮಾರ್ಚ್ ೧೯೫೯

ಅವ್ವ,

ಬರೆಯಬಾರದೆಂದಿದ್ದೆ. ಬರೆಸಿಯೇ ಬಿಟ್ಟೆ.

ಎರಡು ವರ್ಷದ ಹಿಂದೆ ದೊಡ್ಡಮ್ಮನ ಮಗಳು ವಿಶಾಲಾಕ್ಷಿಯ ಮದುವೆ. ನೀನು ಮೂರು ದಿನ ಉಗ್ರಾಣದಲ್ಲಿ ಕೂತು ಬೇಳೆ, ಬೆಲ್ಲ ಅಳೆದುಕೊಡುತ್ತಿದ್ದೆ. ತಾಳಿ ಕಟ್ಟುವ ಹೊತ್ತಿಗೆ ನಾನು ಓಡಿ ಬಂದು ಕೈ ಹಿಡಿದು ಎಳೆದೆ. ನೀನು ಏನೆಂದೆ ನೆನಪಿದೆಯೇ? “ಅಷ್ಟು ಬಣ್ಣದ ಮಧ್ಯೆ ಈ ಬಿಳಿ ಸೀರೆ ಎದ್ದು ಕಾಣುತ್ತೆ ಕಣೇ, ನೀನು ಹೋಗು” ಎಂದೆ. ನಗುತ್ತಲೇ ಹೇಳಿದೆ. ಗಟ್ಟಿಮೇಳದ ಸದ್ದು ಕೇಳಿ, ಅಲ್ಲಿಂದಲೇ ಗೋಡೆಯ ಕಡೆಗೆ ಒಂದು ಹಿಡಿ ಅಕ್ಷತೆ ಎಸೆದೆ. ನಾನು ಬಾಗಿಲಲ್ಲಿ ನಿಂತು ನೋಡಿದೆ.

ನನ್ನ ಮದುವೆಗೂ ನೀನು ಉಗ್ರಾಣ ಸೇರುತ್ತೀಯೆ ಎಂದು ನನಗೆ ಗೊತ್ತು. ನೀನೇ ಹೆತ್ತು, ಒಂಬತ್ತು ವರ್ಷ ಒಬ್ಬಳೇ ಓದಿಸಿ, ಅಲ್ಲಿ ಗೋಡೆಗೆ ಅಕ್ಷತೆ ಎಸೆಯುತ್ತೀಯೆ. ಬಣ್ಣದ ಸೀರೆ ಉಡು ಎಂದರೆ ಉಡುವುದಿಲ್ಲ. ಮುಂದೆ ಬಂದು ಕೂರು ಎಂದರೆ ಕೂರುವುದಿಲ್ಲ. ಹಾಗಾದರೆ ಬಿಳಿಯೇ ಹಬ್ಬದ ಬಣ್ಣವಾಗಿರುವ ಒಂದು ಜಾಗ ಆ ಮದುವೆ ಮನೆಯಲ್ಲಿ ಇರಲಿ ಎಂದುಕೊಂಡೆ. ಹನ್ನೆರಡು ಅಡಿಯಾದರೂ ಸರಿ. ಅಲ್ಲಿ ನೀನು ಕೂತರೆ ಯಾರ ಕಣ್ಣಿಗೂ ತಪ್ಪಾಗಿ ಕಾಣುವುದಿಲ್ಲ.

ಈಗ ದೊಡ್ಡಪ್ಪನ ಕಾಬಾಳೆಯನ್ನು ಇಡುವುದೋ ಕೀಳುವುದೋ ನಿನಗೆ ಬಿಟ್ಟದ್ದು. ಗುಲಾಬಿ ಜಿನಿಯಾ ತೆಗೆಸಿ ಬಿಳಿ ಕಾಶಿಕಣಗಿಲೆ ಸಸಿ ಇಡಿಸಿದರೆ ಮೇ ಹೊತ್ತಿಗೆ ಹೂ ಬರುತ್ತದೆ. ಬೀಜಕ್ಕೆ ಈಗ ಸಮಯವಿಲ್ಲ.

ಪ್ರೇಮಲೀಲಾ


ಚಾಮರಾಜಪುರಂ
೨೦ ಏಪ್ರಿಲ್ ೧೯೫೯

ಚಿ. ಪ್ರೇಮಲೀಲಾಗೆ ಆಶೀರ್ವಾದ. ಉತ್ತರ ತಡವಾಯಿತು. ಇದು ಕಾರ್ಡು, ಅಂಚೆಯವನೂ ಓದುತ್ತಾನೆ, ಆದ್ದರಿಂದ ತೋಟದ ಮಾತು ಮಾತ್ರ. ಕಾಬಾಳೆ ಹನ್ನೆರಡನ್ನೂ ಕೀಳಿಸಿ ಹಿತ್ತಲಿಗೆ ಹಾಕಿಸಿ, ಆ ಜಾಗಕ್ಕೆ ಮತ್ತೆ ದವನ ಇಡಿಸಿದೆ. ಗೋಡೆಗೆ ಕೆಮ್ಮಣ್ಣು ಬಳಿಸಿದೆ. ನಿಮ್ಮ ದೊಡ್ಡಪ್ಪನವರು ಕೇಳಿದರು, ಹುಡುಗಿಯ ಇಷ್ಟ ಎಂದೆ. ಕಾಶಿಕಣಗಿಲೆ ಚಿಗುರಿದೆ. ಮಲ್ಲಿಗೆ ಮೊಗ್ಗು ಬಿಟ್ಟಿದೆ. ನಿನ್ನ ರಜಾ ಎಂದಿನಿಂದ? ಅವ್ವ.


ತುಮಕೂರು
೨೨ ಮೇ ೧೯೫೯

ಅವ್ವನಿಗೆ ನಮಸ್ಕಾರ.

ಇಲ್ಲಿ ಎಲ್ಲರೂ ಒಳ್ಳೆಯವರು. ಇವರು ಕಾಲೇಜಿಗೆ ಹೋಗಿದ್ದಾರೆ. ಅತ್ತೆ ಮಲಗಿದ್ದಾರೆ. ಈಗ ನನ್ನ ಸಿಟ್ಟನ್ನು ಬರೆಯಲು ಸಮಯ ಸಿಕ್ಕಿದೆ.

ಆರು ತಿಂಗಳು ಕಾಗದ ಬರೆದೆ. ಮದುವೆಗೆ ಎರಡು ದಿನ ಮುಂಚೆ ಮಳೆ ಬಂದು ದಾಸವಾಳವೆಲ್ಲ ಕಂದಿಹೋದಾಗ ನಾನೂ ಚಿಕ್ಕಯ್ಯನೂ ಕೆಸರಲ್ಲಿ ಕೂತು ಒಂದೊಂದು ಹೂ ಕಿತ್ತೆವು. ಮದುವೆಯ ದಿನ ಮಲ್ಲಿಗೆ ಅರಳಿತು, ನಂದಿಬಟ್ಟಲು ಕೆಂಪು ಗೋಡೆಯ ಮುಂದೆ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಿಂತಿತ್ತು. ಪಾತಿಯ ಪಕ್ಕದ ಕಲ್ಲು ಬೆಂಚಿನ ಮೇಲೆ ನಾನೇ ಜಮಖಾನ ಹಾಸಿದೆ. ಯಾರಿಗೆ?

ತಾಳಿ ಕಟ್ಟುವಾಗ ತಲೆ ಎತ್ತಬಾರದು ಎಂದು ದೊಡ್ಡಮ್ಮ ಎರಡು ಸಲ ನನ್ನ ತಲೆ ಒತ್ತಿದರು. ಆದರೂ ಎತ್ತಿ ಎತ್ತಿ ನೋಡಿದೆ. ನೀನು ಇರಲಿಲ್ಲ. ಸಂಜೆ ದೇವಸ್ಥಾನದಿಂದ ಬಂದು ಅಂಗಳದಲ್ಲಿ ಕೂತಾಗಲೂ ಇರಲಿಲ್ಲ. ಎಲ್ಲಿ ಎಂದರೆ ಅಡಿಗೆ ಮನೆಯಲ್ಲಿ ಎಂದರು. ಐವತ್ತು ಜನ ಬೀಗರು ತೋಟ ಚೆನ್ನಾಗಿದೆ ಎಂದರು. ಚೆನ್ನಾಗಿರಲಿ ಎಂದು ನಾನು ಮಾಡಿದ್ದಲ್ಲ ಅದು. ನಿನಗೆ ಇಷ್ಟೂ ಅರ್ಥವಾಗದಿದ್ದರೆ ನಾನು ಯಾರಿಗೆ ಹೇಳಲಿ?

ನಾನು ಹೊರಡುವಾಗ ನೀನು ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅದೂ ಉಗ್ರಾಣದ ಬಾಗಿಲಲ್ಲಿ ನಿಂತೇ.

ಪ್ರೇಮಲೀಲಾ


ಚಾಮರಾಜಪುರಂ
೪ ಜೂನ್ ೧೯೫೯

ಚಿ. ಸೌ. ಪ್ರೇಮಲೀಲಾಗೆ ಅವ್ವನ ಆಶೀರ್ವಾದಗಳು. ಅಳಿಯಂದಿರು ಸಿದ್ದರಾಜು ಅವರಿಗೂ ತಿಳಿಸು.

ನಿನ್ನ ಕಾಗದ ಓದಿ ಎರಡು ದಿನ ನನಗೂ ಸಿಟ್ಟಿತ್ತು. ಗಂಡನ ಮನೆಯಿಂದ ಮೊದಲ ಕಾಗದ ಹೀಗೆ ಬರೆಯುತ್ತಾರೆಯೇ? ಇರಲಿ. ಈಗ ನಾನು ಬರೆಯುವುದನ್ನು ಸಮಾಧಾನವಾಗಿ ಓದು.

ತಾಳಿ ಕಟ್ಟುವಾಗ ನಾನು ಉಗ್ರಾಣದಲ್ಲಿ ಇರಲಿಲ್ಲ. ಮಂತ್ರ ಜೋರಾದಾಗ ಕೈಲಿದ್ದ ಸೇರು ಕೆಳಗಿಟ್ಟು ಹಿತ್ತಲ ಬಾಗಿಲಿಂದ ಸುತ್ತಿ ಬಂದು ನಂದಿಬಟ್ಟಲಿನ ಮರೆಯಲ್ಲಿ ನಿಂತೆ. ಚಿಕ್ಕಯ್ಯ ನೋಡಿದ. “ಮುಂದಕ್ಕೆ ಓಗವ್ವಾ, ನಿನ್ ಮಗ್ಳಲ್ವಾ” ಎಂದ. ಕಾಲು ಬರಲಿಲ್ಲ. ಬೆಂಚಿಗೆ ಆರು ಹೆಜ್ಜೆ ಇತ್ತು. ನೀನು ತಲೆ ಎತ್ತಿ ಹುಡುಕಿದ್ದನ್ನು ಮೂರು ಸಲವೂ ನೋಡಿದೆ. ಕೂಗಲಿಲ್ಲ. ಕೈಯೂ ಎತ್ತಲಿಲ್ಲ. ಇದಕ್ಕೆ ನೀನು ಎಷ್ಟು ಬೈದರೂ ಸರಿ, ಬೈಸಿಕೊಳ್ಳುತ್ತೇನೆ. ಆದರೆ ಅಕ್ಷತೆಯನ್ನು ಈ ಸಲ ಗೋಡೆಗೆ ಎಸೆಯಲಿಲ್ಲ. ನಿನ್ನ ಕಡೆಗೇ ಎಸೆದೆ. ಎಲ್ಲಿಯವರೆಗೆ ಬಂತೋ ಗೊತ್ತಿಲ್ಲ.

ಸಂಜೆ ನೀವಿಬ್ಬರೂ ದೇವಸ್ಥಾನಕ್ಕೆ ಹೋದಿರಲ್ಲ, ಆಗಿನದನ್ನು ನೀನು ಕಂಡಿಲ್ಲ. ನಿಮ್ಮ ಮನೆಯ ಅಜ್ಜಿ, ಅಳಿಯಂದಿರ ತಂದೆಯ ತಾಯಿ, ಒಳಗೆ ಸೆಖೆ ಎಂದು ಕೋಲೂರಿಕೊಂಡು ಹೊರಗೆ ಬಂದರು. ಅವರೂ ಬಿಳಿ ಸೀರೆಯವರೇ. ಯಾರನ್ನೂ ಕೇಳಲಿಲ್ಲ, ನೇರವಾಗಿ ಹೋಗಿ ಬೆಂಚಿನ ಮೇಲೆ ಕೂತರು. ನಾನು ಮಜ್ಜಿಗೆ ಕೊಟ್ಟು ತಿರುಗಿದೆ. ಸೆರಗು ಹಿಡಿದುಕೊಂಡರು. “ಎಲ್ಲಿಗ್ ಹೋಗ್ತೀಯಾ? ಬೆಳಗಿಂದ ನೋಡ್ತಿದ್ದೀನಿ, ಹುಡುಗಿ ತಾಯಿ ಎಲ್ಲೂ ಇಲ್ಲ. ಕೂತ್ಕೋ” ಎಂದರು. ಕೆಲಸವಿದೆ ಎಂದೆ. “ನನಗೂ ಮೊದಲು ಹಿಂಗೇ ಕೆಲಸ ಇರ್ತಿತ್ತು. ಯಾರದಾದ್ರೂ ಮದ್ವೆ ಬಂದ್ರೆ ಸಾಕು, ಒಳಗೆ ಎಲ್ಲಿಲ್ಲದ ಕೆಲಸ. ಈಗ ವಯಸ್ಸಾಯ್ತು, ನಾಚಿಕೆ ಬಿಟ್ಟೆ. ಕೂತ್ಕೋ ತಾಯಿ” ಎಂದರು.

ಕೂತೆ. ನಿಮ್ಮಪ್ಪ ಹೋದ ಮೇಲೆ ಮದುವೆ ಮನೆಯ ಮುಂಭಾಗದಲ್ಲಿ ಕೂತದ್ದು ಅದೇ ಮೊದಲು. ಬೆನ್ನು ನೆಟ್ಟಗೆ ಇಟ್ಟುಕೊಂಡು, ಯಾವ ಕ್ಷಣಕ್ಕಾದರೂ ಏಳುವವಳ ಹಾಗೆ ಕೂತಿದ್ದೆ. ಬೆಳಕು ಇಳಿಯಿತು. ಸಂಜೆ ಬಿಳಿ ಹೆಚ್ಚು ಕಾಣುತ್ತದೆ ಎಂದು ಬರೆದಿದ್ದೆಯಲ್ಲ, ನಿಜ ಕಣೇ. ಹೂವೆಲ್ಲ ಹತ್ತಿರ ಬಂದ ಹಾಗಿತ್ತು. ನಿಮ್ಮ ಕಡೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಮ್ಮ ಸುತ್ತ ಕೂತರು. ಅಜ್ಜಿ ಎಲ್ಲರಿಗೂ, “ಇವರೇ ಹುಡುಗಿ ತಾಯಿ” ಎಂದು ತೋರಿಸಿದರು. ಯಾರೋ ತೋಟ ಯಾರು ಮಾಡಿಸಿದ್ದು ಎಂದು ಕೇಳಿದರು. ನನ್ನ ಮಗಳು ಎಂದೆ. ಆಮೇಲೆ ಮಾತು ನಿಲ್ಲಿಸಲಾಗಲಿಲ್ಲ ನನಗೆ. ಕೆಮ್ಮಣ್ಣು ಯಾಕೆ, ದವನ ಯಾಕೆ, ಜಿನಿಯಾ ಮೋಸ ಮಾಡಿದ್ದು, ಚಿಕ್ಕಯ್ಯನ ಪುರಾಣ, ಎಲ್ಲ ಹೇಳಿದೆ. ನಿಮ್ಮ ದೊಡ್ಡಪ್ಪನವರು ಒಂದು ಸಲ ಬಂದು ನಿಂತರು. ಏನೋ ಹೇಳುವವರಿದ್ದರು. ಅಜ್ಜಿಯ ಮುಖ ನೋಡಿ, “ಎಲ್ಲರಿಗೂ ಮಜ್ಜಿಗೆ ಬಂತಾ?” ಎಂದು ಕೇಳಿ ಹೋದರು.

ಅಷ್ಟರಲ್ಲಿ ಒಳಗಿಂದ “ಹಾಲು ಉಕ್ಕೋಯ್ತು” ಎಂದು ಕೂಗಿದರು. ಓಡಿದೆ. ಅದೇ ಹೊತ್ತಿಗೆ ನೀವು ದೇವಸ್ಥಾನದಿಂದ ಬಂದಿರಿ! ಮುಕ್ಕಾಲು ಗಂಟೆ ಕೂತಿದ್ದೇನೆ, ನೀನು ಬಂದದ್ದು ಎದ್ದ ಮೇಲೆ. ಇದಕ್ಕೆ ನಾನು ಯಾರನ್ನು ಬೈಯಲಿ, ಹಾಲನ್ನೇ? ಮತ್ತೆ ಬರೋಣವೆಂದರೆ ಅಂಗಳದ ತುಂಬ ಜನ, ನಿನ್ನ ಸುತ್ತ ಹೆಂಗಸರು, ಧೈರ್ಯ ಮತ್ತೆ ಹಿಂದಕ್ಕೆ ಹೋಗಿತ್ತು. ನಂಬದಿದ್ದರೆ ಅಜ್ಜಿಯನ್ನು ಕೇಳು, ನಿನ್ನ ಮನೆಯಲ್ಲೇ ಇದ್ದಾರೆ. ಒಂದೇ ಮನೆಯಲ್ಲಿದ್ದು ಇಪ್ಪತ್ತು ದಿನದಲ್ಲಿ ನಿಮ್ಮಿಬ್ಬರ ನಡುವೆ ಈ ಮಾತು ಬರಲಿಲ್ಲ ಎಂದರೆ ನನಗೆ ಆಶ್ಚರ್ಯ. ಸಿಟ್ಟು ಮಾಡಿಕೊಂಡು ಮೂಲೆಯಲ್ಲಿ ಕೂತಿದ್ದೀಯೋ ಏನೋ.

ಇನ್ನೊಂದು. ನಿನ್ನೆ ಚೂಡಾಮಣಿ ಅಕ್ಕ ಬಂದಿದ್ದರು. ಶ್ರಾವಣದಲ್ಲಿ ಅವರ ಎರಡನೆಯ ಮಗಳ ಮದುವೆ ಗೊತ್ತಾಗಿದೆ. ಅಂಗಳದಲ್ಲಿ ಸುತ್ತಾಡಿದರು, ಮಲ್ಲಿಗೆ ಮುಟ್ಟಿದರು, ಗೋಡೆ ಮುಟ್ಟಿದರು. ಆಮೇಲೆ ನನ್ನ ಮುಖ ನೋಡದೆ, “ಬೀಗರೆಲ್ಲ ನಿನ್ ತೋಟದ್ ಮಾತೇ ಆಡ್ತಿದ್ರು. ನಮ್ಮನೆ ಮುಂದೂ ಹಿಂಗೇ ಮಾಡಿಕೊಡ್ತೀಯೇನೇ?” ಎಂದರು.

ಮಳೆಗಾಲಕ್ಕೆ ದಾಸವಾಳ ಬೇಡ, ಒಂದು ಮಳೆಗೆ ಕಂದುತ್ತದೆ ಎಂದು ಅಕ್ಕನಿಗೆ ಹೇಳಿದೆ. ಸುಗಂಧರಾಜವೇ ಸರಿ, ಈಗಾಗಲೇ ಕುಂಡಗಳಲ್ಲಿರುವುದನ್ನು ಕಳಿಸುತ್ತೇನೆ. ಗೋಡೆಯ ಸುಣ್ಣ ಮೊದಲು ಕೆರೆಸಿ ಎಂದೆ. ಅವರು ಹೂಂ ಹೂಂ ಎಂದರು. “ನಾಲ್ಕು ದಿನ ಮುಂಚೆ ಬಂದುಬುಡು, ಉಗ್ರಾಣ ನೀನಿದ್ರೇನೇ ನಂಗೆ ಧೈರ್ಯ” ಎಂದರು.

ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. “ತೋಟ ಮಾಡಿಕೊಡ್ತೀನಿ ಅಕ್ಕ. ಉಗ್ರಾಣಕ್ಕೆ ಬೇರೆ ಯಾರನ್ನಾದರೂ ನೋಡ್ಕೊಳ್ಳಿ. ತಾಳಿ ಕಟ್ಟೋ ಹೊತ್ತಿಗೆ ನಾನು ಹೊರಗೆ ಕೂತಿರ್ತೀನಿ” ಎಂದೆ.

ಅಕ್ಕ ಕಾಫಿ ಲೋಟ ಕೆಳಗಿಟ್ಟರು. ಮಾತು ವಾಪಸು ತೆಗೆದುಕೊಳ್ಳೋಣವೆಂದು ಎರಡು ಸಲ ಬಾಯಿ ತೆರೆದೆ. ಕೊನೆಗೆ ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, “ಎಷ್ಟು ಕುಂಡ ಕಳಿಸ್ತೀಯಾ?” ಎಂದರು.

ಇಪ್ಪತ್ತು ಎಂದಿದ್ದೇನೆ.

ಮಳೆ ಶುರುವಾಗಿದೆ, ಕಳೆ ಕೀಳುವುದು ಬಹಳ ಇದೆ, ಚಿಕ್ಕಯ್ಯ ಮೂರು ದಿನದಿಂದ ನಾಪತ್ತೆ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಶ್ರಾವಣದ ಮದುವೆಗೆ ನೀವಿಬ್ಬರೂ ಬನ್ನಿ. ನೀನು ನನಗಿಂತ ಮೊದಲು ಬಂದರೆ, ಮುಂದಿನ ಸಾಲಿನಲ್ಲಿ ನನಗೊಂದು ಜಾಗ ಹಿಡಿದಿರು.

ನಿನ್ನ ಅವ್ವ,
ಮಹದೇವಮ್ಮ